ಟಕ್ ಎನ್ನದ ಕ್ಯಾಮೆರಾ

ಈಗಲೂ ಆಗಾಗ ಯಾರಾದರೊಬ್ಬ ಹುಡುಗ ನಮ್ಮ ಸ್ಟುಡಿಯೋಗೆ ಬಂದು ಕೇಳುತ್ತಾನೆ. "ಸಾರ್, ಫೋಟೋ ಲೈನಿಗೆ ಇಳೀಬೇಕು ಅಂತಿದೀನಿ. ಹಳೇ ಡಿಎಸ್‌ಎಲ್‌ಆರ್ ಒಂದು ಕಮ್ಮಿಗೆ ಸಿಗ್ತಿದೆ. ಅದನ್ನ ತಗೊಳ್ಳಲಾ, ಇಲ್ಲ ಚಿಕ್ಕದೊಂದು ಮಿರರ್‌ಲೆಸ್ ತಗೊಳ್ಳಲಾ?" ನನ್ನನ್ನೇ ಕೇಳುತ್ತಾರೆ, ಏಕೆಂದರೆ ಮುಂದಿನ ಕುರ್ಚಿಯಲ್ಲಿ ಕೂತಿರುವವನು ನಾನು, ತಲೆ ನರೆತಿರುವುದೂ ನನ್ನದೇ. ಸರಿಯಾದ ಉತ್ತರ ಹೇಳಬಲ್ಲವಳು ಒಳಗೆ ಕಂಪ್ಯೂಟರ್ ಮುಂದೆ ಇರುತ್ತಾಳೆ. ಅವಳು ನನ್ನ ಹೆಂಡತಿ ಗಿರಿಜಾ. ಅವಳನ್ನು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಹಾಗಾಗಿ ನಾನೇ ಏನೋ ಅರ್ಧಂಬರ್ಧ ಹೇಳಿ ಕಳಿಸುತ್ತೇನೆ. ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ನಡುನಡುವೆ ಹೊಟ್ಟೆಕಿಚ್ಚಿನ ಕಮಟು ವಾಸನೆಯೂ ಬರುತ್ತದೆ, ಸಹಿಸಿಕೊಳ್ಳಿ.

ನಮ್ಮದು ರಾಜಗೋಪಾಲನಗರದ ಸಣ್ಣ ಸ್ಟುಡಿಯೋ. ಮದುವೆ, ಮುಂಜಿಗಳಿಂದ ಬದುಕಿದವರು ನಾವಲ್ಲ. ಪಕ್ಕದಲ್ಲೇ ಪೀಣ್ಯ ಇರುವಾಗ ಛತ್ರದ ಮುಂದೆ ಯಾಕೆ ಕಾಯಬೇಕು? ಕಾರ್ಖಾನೆಗಳಿಗೆ ಎಷ್ಟೊಂದು ಬಗೆಯ ಫೋಟೋ ಬೇಕಾಗುತ್ತದೆ ಎಂದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಕ್ಯಾಟಲಾಗಿಗೆ ಬೋಲ್ಟು, ಬೇರಿಂಗು. ವಿಮೆಯವರಿಗೆ ಸುಟ್ಟುಹೋದ ಮೋಟಾರು. ಸುರಕ್ಷತಾ ಸಪ್ತಾಹದಲ್ಲಿ ಸ್ಟೀಲ್ ಡಬ್ಬಿ ಬಹುಮಾನ ಪಡೆಯುವ ಫಿಟ್ಟರು. ರಾಜ್ಯೋತ್ಸವದ ದಿನ ಗೇಟಿನ ಮುಂದೆ ಬಾವುಟ. ಇವೆಲ್ಲ ನನ್ನ ಕೆಲಸ. ಎಲ್ಲಕ್ಕಿಂತ ದೊಡ್ಡದು ಆಯುಧಪೂಜೆ. ಅವತ್ತು ಪೀಣ್ಯದಲ್ಲಿ ಯಂತ್ರಗಳು ನಿಂತಿರುತ್ತವೆ, ಅವುಗಳ ಮೈಗೆ ಅರಿಶಿನ ಕುಂಕುಮ, ಚೆಂಡುಹೂವಿನ ಹಾರ, ಬುಡದಲ್ಲಿ ಬೂದುಗುಂಬಳ. ಪ್ರತಿಯೊಬ್ಬ ಕೆಲಸಗಾರನಿಗೂ ತನ್ನ ಯಂತ್ರದ ಪಕ್ಕ ನಿಂತು ಒಂದು ಫೋಟೋ ಬೇಕು. ತನ್ನದು ಎಂದರೆ ತನ್ನದೇ. ಪಕ್ಕದವನ ಲೇಥಿನ ಹತ್ತಿರ ನಿಲ್ಲಿಸಿದರೆ ಬೇರೆಯವರ ಹೆಂಡತಿಯ ಪಕ್ಕ ನಿಲ್ಲಿಸಿದಷ್ಟೇ ಮುಜುಗರಪಡುತ್ತಾನೆ.

ನನಗೆ ಕೆಲಸ ಕಲಿಸಿದವರು ರಂಗಸ್ವಾಮಿ ಎಂಬ ಹಳೆಯ ಸ್ಟುಡಿಯೋ ಮಾಲೀಕರು. ಹೊಗಳುವುದೆಂದರೆ ಅವರಿಗೆ ಕೈಯಿಂದ ಖರ್ಚಾದಂತೆ. ಒಮ್ಮೆ ಕ್ರೋಮ್ ಲೇಪನದ ರಾಡುಗಳ ಕ್ಯಾಟಲಾಗ್ ಕೆಲಸಕ್ಕೆ ನನ್ನೊಬ್ಬನನ್ನೇ ಕಳಿಸಿದರು. ಮೂರು ದಿಕ್ಕಿಗೂ ಲೈಟು ಇಟ್ಟು ಭಾರೀ ಹುರುಪಿನಿಂದ ತೆಗೆದುಕೊಂಡು ಬಂದೆ. ಕ್ಯಾಟಲಾಗ್ ಅಚ್ಚಾಗಿ ಊರೂರಿಗೆ ಹೋದ ಮೇಲೆ ಯಾರೋ ಗಿರಾಕಿ ಫೋನ್ ಮಾಡಿ, ನಿಮ್ಮ ಎಲ್ಲಾ ರಾಡಿನಲ್ಲೂ ಒಬ್ಬ ಉದ್ದನೆಯ ಮನುಷ್ಯ ಹೊಟ್ಟೆ ಮೇಲೆ ಕ್ಯಾಮೆರಾ ಇಟ್ಟುಕೊಂಡು ನಿಂತಿದ್ದಾನಲ್ಲ, ಅವನು ನಿಮ್ಮ ಮಾಲೀಕರೇ ಎಂದು ಕೇಳಿದರಂತೆ. ಹೊಳೆಯುವ ವಸ್ತುವಿನ ಸುತ್ತ ಬಿಳಿ ಪಂಚೆ ಕಟ್ಟಿ, ಅದರ ತೂತಿನಿಂದ ಲೆನ್ಸ್ ತೂರಿಸಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ರಂಗಸ್ವಾಮಿಯವರು ಬೈಯಲಿಲ್ಲ. "ಅಷ್ಟೊಂದು ಆಸೆ ಇದ್ರೆ ಹೇಳು, ನಿಂದೇ ಒಂದು ತೆಗೆದುಕೊಡ್ತೀನಿ" ಅಂದರು. ಆಮೇಲೆ ಪಂಚೆ ಕಟ್ಟುವುದನ್ನು ಕಲಿಸಿದರು.

ಇನ್ನೊಂದು ವಿಷಯವನ್ನೂ ಅವರೇ ಹೇಳಿಕೊಟ್ಟರು. "ನೋಡು ನಾಗರಾಜು, ಜನ ಕ್ಯಾಮೆರಾ ನೋಡಲ್ಲ, ಅದರ ಸದ್ದು ಕಾಯ್ತಾರೆ. ಟಕ್ ಅನ್ನೋವರ್ಗೂ ಉಸಿರು ಬಿಡಲ್ಲ. ಅಷ್ಟರೊಳಗೆ ಮುಗಿಸಿಬಿಡು." ನಿಜವೇ. ಪೀಣ್ಯದ ಕೆಲಸಗಾರ ಫೋಟೋಗೆ ನಿಂತನೆಂದರೆ ಎದೆ ಉಬ್ಬಿಸಿ, ಕೈ ಇಳಿಬಿಟ್ಟು, ಕಣ್ಣು ಪಿಳುಕಿಸದೆ ನಿಲ್ಲುತ್ತಾನೆ. ಟಕ್ ಎಂದ ಮೇಲೇ ಮತ್ತೆ ಮನುಷ್ಯನಾಗುತ್ತಾನೆ. ಆ ಸದ್ದೇ ನನ್ನ ಅನ್ನ ಎಂದುಕೊಂಡು ನಾನು ದುಡಿದೆ. ರೀಲು ಹೋಗಿ ಡಿಜಿಟಲ್ ಬಂದಾಗ ಕೊಂಡ ಡಿಎಸ್‌ಎಲ್‌ಆರ್ ಅಂತೂ ಒಳಗಿನ ಕನ್ನಡಿ ಎದ್ದು ಬೀಳುವಾಗ ಶೆಡ್ಡಿನ ಆ ತುದಿಗೂ ಕೇಳಿಸುತ್ತಿತ್ತು. ಕೊರಳಿಗೆ ಹಾಕಿಕೊಂಡರೆ ಸಂಜೆಗೆ ಕತ್ತು ಹಿಡಿಯುತ್ತಿತ್ತು, ಆದರೆ ಗೇಟಿನ ಸೆಕ್ಯುರಿಟಿಯವನು ಅದನ್ನು ನೋಡಿ ಎದ್ದು ನಿಲ್ಲುತ್ತಿದ್ದ. ಹೊಸಬರಿಗೆ ಹೇಳುತ್ತೇನೆ, ಈ ಕೆಲಸದಲ್ಲಿ ಅರ್ಧ ಗೌರವ ಸಾಮಾನಿನ ಗಾತ್ರಕ್ಕೆ ಸಿಗುತ್ತದೆ. ಅದು ಹೋಗುವಾಗ ನೋವಾಗುತ್ತದೆ.

ಗಿರಿಜಾ ಮದುವೆಯಾಗಿ ಬಂದ ಮೇಲೆ ಸ್ಟುಡಿಯೋದ ಒಳಗಿನ ಕೆಲಸ ಅವಳದಾಯಿತು. ಪಾಸ್‌ಪೋರ್ಟ್ ಫೋಟೋ ಕತ್ತರಿಸುವುದು, ಕಂಪ್ಯೂಟರ್ ಬಂದ ಮೇಲೆ ಬಣ್ಣ ಸರಿಮಾಡುವುದು, ಆಲ್ಬಂ ಅಂಟಿಸುವುದು. ನಾನು ತಂದ ಸಾವಿರಾರು ಮುಖಗಳನ್ನು ಅವಳು ಹತ್ತಿರದಿಂದ ನೋಡಿದ್ದಾಳೆ. ಹೆಣ್ಣುಮಕ್ಕಳೇ ಹೆಚ್ಚಿರುವ ಕಾರ್ಖಾನೆಗಳಿಗೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗುತ್ತಿದ್ದೆ. ಬೆಳಕು ತಿರುಗಿಸುವ ಬಿಳಿ ಹಲಗೆ ಹಿಡಿದು ನಿಲ್ಲುತ್ತಿದ್ದಳು. ನಾನು ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ. ಆ ದಿನಗಳಲ್ಲಿ ನಮ್ಮ ದಾಂಪತ್ಯ ಬಹಳ ಚೆನ್ನಾಗಿತ್ತು ಎಂದು ನನಗೆ ಅನಿಸುತ್ತದೆ. ಅವಳಿಗೆ ಏನನಿಸುತ್ತಿತ್ತೋ ಕೇಳಿರಲಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಕ್ಯಾಮೆರಾ ಕೈಕೊಡಲು ಶುರುಮಾಡಿತು. ಇಬ್ಬರೂ ಅಂಗಡಿಗೆ ಹೋದೆವು. ಅಲ್ಲಿ ಯಾರೋ ಮಾರಿಹೋದ ಹಳೆಯ ಡಿಎಸ್‌ಎಲ್‌ಆರ್ ಒಂದಿತ್ತು, ನನ್ನದಕ್ಕಿಂತ ದೊಡ್ಡದು, ಕಲ್ಲಿನಂತೆ ಗಟ್ಟಿ. ನನ್ನ ಹಳೆಯ ಲೆನ್ಸುಗಳೆಲ್ಲ ಅದಕ್ಕೆ ಕೂರುತ್ತಿದ್ದವು. ಪಕ್ಕದಲ್ಲೇ ಒಂದು ಮಿರರ್‌ಲೆಸ್ ಇತ್ತು. ಒಳಗೆ ಕನ್ನಡಿಯಿಲ್ಲ, ಹಾಗಾಗಿ ಮೈಯೂ ಇಲ್ಲ. ಗಿರಿಜಾ ಅದನ್ನು ಎತ್ತಿ ಕಣ್ಣಿಗೆ ಹಿಡಿದಳು, ಆಮೇಲೆ ತನ್ನ ವ್ಯಾನಿಟಿ ಬ್ಯಾಗಿನೊಳಗೆ ಇಟ್ಟು ನೋಡಿದಳು.

"ರೀ, ಇಲ್ಲೇ ಹಿಡಿಯುತ್ತೆ" ಅಂದಳು.

"ಸೋಪಿನ ಡಬ್ಬೀನೂ ಹಿಡಿಯುತ್ತೆ" ಅಂದೆ.

ಅಂಗಡಿಯವನು ಇಬ್ಬರ ಮುಖವನ್ನೂ ನೋಡಿ, "ಸಾರ್ ಕೈಗೆ ದೊಡ್ಡದು, ಮೇಡಂ ಕೈಗೆ ಚಿಕ್ಕದು, ಎರಡೂ ತಗೊಂಡ್ಹೋಗಿ" ಎಂದು ನಕ್ಕ. ನನಗೆ ಅದು ತಮಾಷೆ ಅನಿಸಿತು. ನಾನು ದೊಡ್ಡದನ್ನು ತೆಗೆದುಕೊಂಡೆ. ಆಮೇಲೆ ಅವಳು ತನ್ನ ಚೀಟಿ ಎತ್ತಿ, ನನಗೆ ಹೇಳದೆ ಆ ಚಿಕ್ಕದನ್ನು ಮನೆಗೆ ತಂದಳು. ಕೇಳಿದ್ದಕ್ಕೆ, "ಮೊಮ್ಮಗಳ ಫೋಟೋ ತೆಗೆಯೋಕೆ" ಎಂದಳು. ಆ ಮಗುವಿನ ಫೋಟೋ ನಾನೂ ತೆಗೆದಿದ್ದೆ. ನನ್ನದರಲ್ಲಿ ಮಗು ಪೊಲೀಸ್ ಠಾಣೆಗೆ ಬಂದಂತೆ ಕೂತಿತ್ತು. ಅವಳದರಲ್ಲಿ ಅನ್ನದ ತಟ್ಟೆಯಲ್ಲಿ ಕೈ ಅದ್ದಿಕೊಂಡು ಯಾರನ್ನೋ ನೋಡಿ ಕೇಕೆ ಹಾಕುತ್ತಿತ್ತು. ಮಗಳು ಗೋಡೆಗೆ ಹಾಕಿದ್ದು ಎರಡನೆಯದನ್ನು. ಮೊದಲು ಚುಚ್ಚಿದ್ದು ಅಲ್ಲಿ. ಮನೆಯೊಳಗಿನ ವಿಷಯ ಎಂದು ಸುಮ್ಮನಾದೆ.

ಆಮೇಲೆ ಅದು ಮನೆಯಿಂದ ಹೊರಗೂ ಬಂತು. ಮಹದೇವಪುರದ ಒಂದು ಟೆಕ್ ಪಾರ್ಕಿನಲ್ಲಿ, ಆಫೀಸಿನವರು ಕೆಲಸ ಮಾಡುತ್ತಿರುವಾಗಲೇ ಫೋಟೋ ತೆಗೆಯಬೇಕು ಎಂದು ಕರೆಸಿದ್ದರು. ಗಿರಿಜಾ ಬಿಳಿ ಹಲಗೆ ಹಿಡಿದಳು, ನಾನು ತೆಗೆಯುತ್ತಾ ಹೋದೆ. ಆಚೀಚೆ ಕೂತವರು ಒಂದೊಂದು ಟಕ್ಕಿಗೂ ತಿರುಗಿ ನೋಡತೊಡಗಿದರು. ಕೊನೆಗೆ ಕರೆಸಿದ್ದ ಹುಡುಗಿಯೇ ಹತ್ತಿರ ಬಂದು, "ಅಂಕಲ್, ಸೌಂಡ್ ಸ್ವಲ್ಪ ಕಮ್ಮಿ ಮಾಡೋಕಾಗುತ್ತಾ? ಅವ್ರು ಕ್ಲೈಂಟ್ ಜೊತೆ ಕಾಲ್‌ನಲ್ಲಿದಾರೆ" ಎಂದಳು. ಪೀಣ್ಯದಲ್ಲಿ ನಾನು ಸಾರ್. ಅಲ್ಲಿ ಅಂಕಲ್ ಆದೆ. ಅದರ ಮೇಲೆ ಅವಳ ಕಣ್ಣು ಗಿರಿಜಾಳ ಬ್ಯಾಗಿನ ಮೇಲೆ ಬಿತ್ತು. "ಆಂಟಿ ಹತ್ರ ಮಿರರ್‌ಲೆಸ್ ಇದ್ಯಲ್ಲ, ಅವ್ರೇ ತೆಗೀಲಿ." ಗಿರಿಜಾ ನನ್ನ ಮುಖ ನೋಡಿದಳು. ತೆಗಿ ಎಂದು ತಲೆಯಾಡಿಸಿದೆ. ಅವಳು ಕ್ಯಾಮೆರಾದ ಸದ್ದನ್ನು ಪೂರ್ತಿ ನಿಲ್ಲಿಸಿ, ಮೇಜುಗಳ ನಡುವೆ ಬೆಕ್ಕಿನಂತೆ ಓಡಾಡಿದಳು. ಒಬ್ಬರೂ ತಲೆಯೆತ್ತಲಿಲ್ಲ. ನಾನು ಬಿಳಿ ಹಲಗೆ ಹಿಡಿದು ನಿಂತಿದ್ದೆ.

ನಂತರ ಜಿಗಣಿ. ವೈರುಗಳನ್ನು ಜೋಡಿಸುವ ಕಾರ್ಖಾನೆ, ಸಾಲುಸಾಲು ಹೆಣ್ಣುಮಕ್ಕಳು. ಇಬ್ಬರೂ ತೆಗೆದೆವು, ಎರಡನ್ನೂ ಒಟ್ಟಿಗೆ ಕಳಿಸಿದೆವು. ಅವರು ಆರಿಸಿಕೊಂಡ ಫೋಟೋಗಳಲ್ಲಿ ನನ್ನದು ಒಂದೇ ಒಂದು, ಅದೂ ಕಟ್ಟಡದ್ದು. ಮುಂದಿನ ಸಲ ಅಲ್ಲಿನ ಸೂಪರ್‌ವೈಸರ್ ಫೋನ್ ಮಾಡಿದಾಗ ಎತ್ತಿದ್ದು ನಾನು. "ಸಾರ್, ಮೇಡಂ ಫ್ರೀ ಇದಾರಾ?" ಎಂದ. ನಾನೂ ಫ್ರೀ ಇದ್ದೀನಿ ಎಂದು ಹೇಳಿದೆ. "ಬನ್ನಿ ಸಾರ್, ಅದ್ಕೇನಂತೆ" ಎಂದ. ಈ 'ಅದ್ಕೇನಂತೆ' ಎಂಬ ಮಾತು ನನಗೆ ಒಂದು ವಾರ ಊಟ ಸೇರದಂತೆ ಮಾಡಿತು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಅವಳ ಕ್ಯಾಮೆರಾದ ಡೊಂಕು ಹುಡುಕಲು ಕೂತೆ. ಬ್ಯಾಟರಿ ಬೇಗ ಮುಗಿಯುತ್ತದೆ, ನಿಜ. ನನ್ನದು ದಿನವಿಡೀ ಬರುತ್ತಿತ್ತು, ಅವಳು ಬ್ಯಾಗಿನಲ್ಲಿ ಇನ್ನೆರಡು ಇಟ್ಟುಕೊಳ್ಳಬೇಕಿತ್ತು. ಇಟ್ಟುಕೊಂಡಳು. ಕೈಗೆ ಹಿಡಿತ ಸಾಲದು ಎಂದೆ. "ನನ್ನ ಕೈಗೆ ಸಾಕು ಕಣ್ರೀ" ಎಂದಳು. ಕೊನೆಗೆ ಒಂದು ದೊಡ್ಡ ದೋಷ ಸಿಕ್ಕಿತು. ಸದ್ದಿಲ್ಲದೆ ತೆಗೆದರೆ ಕಾರ್ಖಾನೆಯ ಎಲ್‌ಇಡಿ ಬೆಳಕಿನಲ್ಲಿ ಫೋಟೋದ ಉದ್ದಕ್ಕೂ ಕಪ್ಪು ಪಟ್ಟೆಗಳು ಬರುತ್ತವೆ. ಆ ಬೆಳಕು ಕಣ್ಣಿಗೆ ಕಾಣದಷ್ಟು ಬೇಗ ಮಿಣುಕುತ್ತಿರುತ್ತದೆ, ಸದ್ದಿಲ್ಲದ ಶಟರು ಅದನ್ನು ಗೆರೆಗೆರೆಯಾಗಿ ಹಿಡಿಯುತ್ತದೆ. ಇದನ್ನು ತಿಳಿದ ದಿನ ನನಗೆ ಹಬ್ಬ. ಅವಳು ಸ್ಟುಡಿಯೋಗೆ ಬರುವುದನ್ನೇ ಕಾದಿದ್ದು, ಬಾಗಿಲಲ್ಲೇ ಹೇಳಿದೆ.

"ಹೌದು, ಮೊದಲ್ನೇ ದಿನಾನೇ ಬಂದಿತ್ತು" ಎಂದಳು. "ಸ್ಪೀಡ್ ಇಳಿಸಿಕೊಂಡೆ, ಹೋಯ್ತು. ತೆಗೆಯೋ ಮುಂಚೆನೇ ಕಾಣುತ್ತಲ್ರೀ ಇದರಲ್ಲಿ."

ಗೆರೆಗಳನ್ನು ನಾನು ಮನಸ್ಸಿನಲ್ಲಿ ಎಷ್ಟು ಮುತುವರ್ಜಿಯಿಂದ ಸಾಕಿಕೊಂಡಿದ್ದೆ ಎಂದರೆ, ಅವು ಹೋದದ್ದಕ್ಕೆ ನನಗೇ ಬೇಸರವಾಯಿತು.

ಇಷ್ಟಾದರೂ ನನಗೊಂದು ನೆಲೆ ಉಳಿದಿತ್ತು. ಪೀಣ್ಯದ ಗೇರ್ ಕಾರ್ಖಾನೆ ಒಂದರಲ್ಲಿ, ರಂಗಸ್ವಾಮಿಯವರು ತೀರಿಕೊಂಡಂದಿನಿಂದ, ಆಯುಧಪೂಜೆಯ ಫೋಟೋ ನನ್ನದೇ. ಅಲ್ಲಿನ ವರ್ಕ್ಸ್ ಮ್ಯಾನೇಜರ್ ಹನುಮಂತರಾಯಪ್ಪನವರು ಬೇರೆಯವರನ್ನು ಗೇಟಿನ ಒಳಗೂ ಬಿಟ್ಟವರಲ್ಲ. ಆ ವರ್ಷ ಕಾರ್ಖಾನೆ ಪೀಣ್ಯ ಬಿಟ್ಟು ದಾಬಸ್‌ಪೇಟೆ ಕಡೆಗೆ ಹೋಗುವುದೆಂದು ತೀರ್ಮಾನವಾಯಿತು. ಹಬ್ಬ ಮುಗಿದ ಮೇಲೆ ಯಂತ್ರಗಳನ್ನು ನೆಲದಿಂದ ಬಿಚ್ಚುತ್ತಾರೆ. ಹಳೆಯ ಯಂತ್ರಗಳಲ್ಲಿ ಕೆಲವು ಹೊಸ ಶೆಡ್ಡಿಗೆ ಹೋಗುವುದೇ ಇಲ್ಲ, ಗುಜರಿಗೆ ಹೋಗುತ್ತವೆ. ಅದಕ್ಕೇ ಕೊನೆಯ ಸಲ ಪ್ರತಿಯೊಬ್ಬರದೂ ಅವರವರ ಯಂತ್ರದ ಜೊತೆ ದೊಡ್ಡ ಫೋಟೋ ತೆಗೆದು, ಹೊಸ ಕ್ಯಾಂಟೀನಿನ ಗೋಡೆಗೆ ಹಾಕಬೇಕು ಎಂಬುದು ಹನುಮಂತರಾಯಪ್ಪನವರ ಆಸೆ. ಫೋನ್ ಬಂದಾಗ ನನಗೆ ಕಣ್ಣು ತುಂಬಿತು. ಇದೊಂದು ಕೆಲಸ ನನ್ನ ಹೆಸರಿನಲ್ಲಿ ಗೋಡೆಯ ಮೇಲೆ ಉಳಿದರೆ ಸಾಕು, ಉಳಿದದ್ದೆಲ್ಲ ಅವಳೇ ಇಟ್ಟುಕೊಳ್ಳಲಿ ಎಂದುಕೊಂಡೆ.

ಅಷ್ಟರಲ್ಲಿ ಅವರು, "ನಾಗರಾಜು, ನಿಮ್ಮ ಮನೆಯವ್ರೂ ಬರ್ಲಿ ಕಣಯ್ಯ. ಜಿಗಣಿ ಫೋಟೋ ನೋಡ್ದೆ. ಭಾಳ ಚೆನ್ನಾಗವೆ. ಜನಾನ ನೀನು ನಿಲ್ಲಿಸು, ಅವ್ರು ತೆಗೀಲಿ" ಎಂದರು.

ನಾನು ಸರಿ ಸಾರ್ ಎಂದೆ. ಫೋನ್ ಇಟ್ಟು ಗಿರಿಜಾಗೆ ಹೇಳಿದೆ. ಅವಳು ಕೂಡಲೇ, "ಅದು ನಿಮ್ಮ ಕಾರ್ಖಾನೆ. ನೀವೇ ತೆಗೀರಿ, ನಾನು ಬರಲ್ಲ" ಎಂದಳು. ಅದು ಇನ್ನೂ ಉರಿಯಿತು. ಕಿತ್ತುಕೊಂಡರೆ ಜಗಳವಾಡಬಹುದು, ಬಿಟ್ಟುಕೊಟ್ಟರೆ ಏನು ಮಾಡುವುದು? "ಯಾರೂ ಯಾರಿಗೂ ಭಿಕ್ಷೆ ಹಾಕೋದು ಬೇಡ, ಇಬ್ಬರೂ ತೆಗೆಯೋಣ, ಅವರಿಗೆ ಯಾವುದು ಬೇಕೋ ಆರಿಸಿಕೊಳ್ಳಲಿ" ಎಂದೆ.

ಆಯುಧಪೂಜೆಯ ದಿನ ಹೋದೆವು. ಮಂಗಳಾರತಿಯಾಗಿ, ಕುಂಬಳಕಾಯಿ ಒಡೆದು, ಕಡಲೆಪುರಿ ಹಂಚಿದ ಮೇಲೆ ಶುರುಮಾಡಿದೆವು. ಮೊದಲ ಯಂತ್ರ, ಎರಡನೆಯ ಯಂತ್ರ. ಕೆಲಸಗಾರ ಯಂತ್ರದ ಪಕ್ಕ ನಿಲ್ಲುತ್ತಾನೆ. ಗದ್ದ ಎತ್ತು, ಭುಜ ಇಳಿಸು ಎಂದು ನಾನು ಹೇಳುತ್ತೇನೆ. ಉಸಿರು ಹಿಡಿಯುತ್ತಾನೆ. ನನ್ನ ಕ್ಯಾಮೆರಾ ಟಕ್ ಎನ್ನುತ್ತದೆ. ಉಸಿರು ಬಿಡುತ್ತಾನೆ. ಆಮೇಲೆ ಮುಂದಿನವನು. ಗಿರಿಜಾ ನನ್ನ ಬಲಕ್ಕೆ ಒಂದು ಹೆಜ್ಜೆ ಹಿಂದೆ ಆ ಡಬ್ಬಿ ಹಿಡಿದು ನಿಂತಿದ್ದಳು. ಅವಳು ಯಾವಾಗ ತೆಗೆಯುತ್ತಿದ್ದಾಳೆ ಎಂದೇ ನನಗೆ ತಿಳಿಯುತ್ತಿರಲಿಲ್ಲ. ಒಂದು ಸಾಲು ಮುಗಿಯುವ ಹೊತ್ತಿಗೆ ಓರೆಗಣ್ಣಿನಿಂದ ಗಮನಿಸಿದೆ. ನಾನು ತೆಗೆಯುವಾಗ ಅವಳ ಬೆರಳು ಅಲುಗುತ್ತಲೇ ಇರಲಿಲ್ಲ. ಟಕ್ ಎಂದ ಮೇಲೆ, ಮನುಷ್ಯ ಉಸಿರು ಬಿಟ್ಟು, ನಿರಾಳವಾಗಿ ಯಂತ್ರದ ಮೇಲೆ ಕೈ ಊರಿ, ಇಲ್ಲವೇ ಹಾರ ಸರಿಮಾಡಿ, ಪಕ್ಕದವನನ್ನು ನೋಡಿ ನಗುತ್ತಿದ್ದನಲ್ಲ, ಆಗ ಅವಳ ಬೆರಳು ಒತ್ತುತ್ತಿತ್ತು. ನನ್ನ ಸದ್ದು ಕೇಳಿ ಅವರು ಮೈಬಿಡುತ್ತಿದ್ದರು. ಮೈಬಿಟ್ಟವರನ್ನು ಅವಳು ಹಿಡಿಯುತ್ತಿದ್ದಳು. ಉಳುವವನು ನಾನು, ಬೆಳೆ ಅವಳಿಗೆ.

ರೇಗಿಹೋಯಿತು. ನೋಡೋಣ, ನಾನು ಒತ್ತದಿದ್ದರೆ ಇವಳೇನು ತೆಗೆಯುತ್ತಾಳೆ ಎಂದು ಹಟ ಬಂತು.

ಮುಂದಿನ ಯಂತ್ರ ಬಸಪ್ಪನದು. ಕುಷ್ಟಗಿ ಕಡೆಯವನು, ಬಂದಾಗಿನಿಂದ ಅದೊಂದೇ ಹಾಬಿಂಗ್ ಯಂತ್ರದ ಮೇಲೆ ಗೇರಿನ ಹಲ್ಲು ಕತ್ತರಿಸಿದವನು. ಆ ಯಂತ್ರ ಗುಜರಿಗೆ ಹೋಗುವುದಿತ್ತು. ಬಸಪ್ಪ ಹೊಸ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿ, ಕಂಬದಂತೆ ನೆಟ್ಟಗೆ ನಿಂತ. ನಾನು ಕ್ಯಾಮೆರಾವನ್ನು ಕಣ್ಣಿಗೆ ಹಿಡಿದೆ, ಬೆರಳಿಟ್ಟೆ, ಒತ್ತಲಿಲ್ಲ. ಬಸಪ್ಪ ಉಸಿರು ಹಿಡಿದಿದ್ದ. ಗಿರಿಜಾ ಕಾಯುತ್ತಿದ್ದಳು. ನಾನೂ ಕಾದೆ. ಸುತ್ತ ನಿಂತವರು ಮಾತು ನಿಲ್ಲಿಸಿ ನೋಡತೊಡಗಿದರು. ಬಸಪ್ಪನ ಕತ್ತಿನ ನರ ಉಬ್ಬಿತು, ಮುಖ ಕೆಂಪಾಯಿತು, ಆದರೂ ಅಲುಗಲಿಲ್ಲ. ಕೊನೆಗೆ ತುಟಿ ಬಿಚ್ಚದೆ ಹೇಳಿದ:

"ಲಗೂನ ಹೊಡೀರಿ ಸರ, ಉಸುರು ಕಟ್ಟಾಕತ್ತೈತಿ."

ಇಡೀ ಶೆಡ್ಡು ನಕ್ಕಿತು. ಬಸಪ್ಪನೂ ತಡೆಯಲಾರದೆ, ಯಂತ್ರವನ್ನು ತೋಳಿನಿಂದ ಬಳಸಿ ಹಿಡಿದು, ಅದರ ಮೇಲೆ ತಲೆಯಿಟ್ಟು ನಕ್ಕ. ನಗುತ್ತಾ ನಗುತ್ತಾ ಅವನ ಕಣ್ಣಲ್ಲಿ ನೀರು ಬಂತು, ಆ ನೀರು ನಗುವಿನದಷ್ಟೇ ಆಗಿರಲಿಲ್ಲ. ಗಾಬರಿಯಲ್ಲಿ ನಾನು ಆಗ ಒತ್ತಿದೆ. ಟಕ್ ಎಂದಿತು. ಬಸಪ್ಪ ತಲೆಯೆತ್ತಿ, "ಬಂತೇನ್ರಿ ಸರ?" ಎಂದು ಕೇಳಿದ. ಬಂತು ಎಂದೆ. ನನ್ನದರಲ್ಲಿ ಅವನ ತಲೆ ಅಲುಗಿ ಕದಡಿಹೋಗಿತ್ತು.

ಅವಳದರಲ್ಲಿ ಎಲ್ಲವೂ ಇತ್ತು. ಮರುದಿನ ಸ್ಟುಡಿಯೋದ ಕಂಪ್ಯೂಟರಿನಲ್ಲಿ ನೋಡಿದೆ. ತೋಳು, ಕುಂಕುಮ ಹಚ್ಚಿದ ಕಬ್ಬಿಣ, ಹಾರದ ಮೇಲೆ ಒರಗಿದ ಕೆನ್ನೆ, ಆ ಒದ್ದೆ ಕಣ್ಣು. ಇಷ್ಟು ವರ್ಷ ಪೀಣ್ಯ ಸುತ್ತಿದ ನಾನು ಅಂಥದೊಂದನ್ನು ತೆಗೆದಿಲ್ಲ. ಸ್ವಂತ ಹೆಂಡತಿ ತೆಗೆದ ಫೋಟೋವನ್ನು ನೋಡಿ ಮೈಯೆಲ್ಲ ಉರಿಯುವುದು ಎಂಥ ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು. ಹೊರಗಿನವರಾಗಿದ್ದರೆ ಬೈದು ಬರಬಹುದು. ಇವಳು ಪಕ್ಕದಲ್ಲೇ ಕಾಫಿ ಲೋಟ ಹಿಡಿದು ನಿಂತಿರುತ್ತಾಳೆ.

ಆದರೂ ಬಿಡಲಿಲ್ಲ ನಾನು. "ಒಂದು ಮಾತು ತಿಳ್ಕೋ ಗಿರಿಜಾ, ನಾನು ಟಕ್ ಅನ್ನಿಸದೇ ಇದ್ದಿದ್ರೆ ನಿನಗೆ ಒಂದು ಫೋಟೋನೂ ಸಿಗ್ತಿರಲಿಲ್ಲ" ಎಂದೆ.

"ಗೊತ್ತು ಕಣ್ರೀ" ಎಂದಳು. "ಅದಕ್ಕೇ ಅಲ್ವಾ ಇಬ್ಬರೂ ತೆಗೆಯೋಣ ಅಂದಾಗ ಒಪ್ಕೊಂಡಿದ್ದು. ಜಿಗಣೀಲಿ ನೀವು ಪಕ್ಕದಲ್ಲಿ ಇಲ್ದಾಗ ಒಂದ್ಸಲ ನೋಡ್ದೆ. ಸದ್ದು ಬರ್ಲಿಲ್ಲ ಅಂತ ಆ ಹುಡುಗೀರು ನಿಂತೇ ಇದ್ರು. ಅರ್ಧ ಹಾಳಾಯ್ತು."

ಅಂದರೆ ಬಹಳ ದಿನದಿಂದ ಅವಳಿಗೆ ಗೊತ್ತಿತ್ತು. ನಾನು ಅವಳ ಪಕ್ಕದಲ್ಲಿ ಫೋಟೋ ತೆಗೆಯುತ್ತಿದ್ದೇನೆ ಎಂದುಕೊಂಡಿದ್ದೆ. ಅವಳ ಲೆಕ್ಕದಲ್ಲಿ ನಾನು ಗಂಟೆ ಬಾರಿಸುವವನಾಗಿದ್ದೆ. ಕಾಫಿಯನ್ನು ಅಲ್ಲೇ ಬಿಟ್ಟು ಎದ್ದು ಹೋದೆ.

ಹನುಮಂತರಾಯಪ್ಪನವರು ಆರಿಸಿದ್ದು ಅವಳವನ್ನೇ. ಒಂದನ್ನೂ ಬಿಡದೆ. ನನ್ನವನ್ನು ಸಣ್ಣದಾಗಿ ಅಚ್ಚು ಹಾಕಿಸಿ ಕೆಲಸಗಾರರ ಮನೆಗೆ ಕೊಟ್ಟರು ಎಂದು ಹೇಳಿ ಸಮಾಧಾನ ಮಾಡಿಕೊಳ್ಳಬಹುದಿತ್ತು, ಅದೂ ಆಗಲಿಲ್ಲ. ಮನೆಗೂ ಅವಳವೇ ಹೋದವು.

ದಾಬಸ್‌ಪೇಟೆಯ ಹೊಸ ಶೆಡ್ಡು ಶುರುವಾದ ಮೇಲೆ ನಮ್ಮಿಬ್ಬರನ್ನೂ ಊಟಕ್ಕೆ ಕರೆದರು. ಹೋಗದೆ ಇರಲು ನೆಪ ಹುಡುಕಿದೆ, ಸಿಗಲಿಲ್ಲ. ಕ್ಯಾಂಟೀನಿನ ಉದ್ದನೆಯ ಗೋಡೆಯ ತುಂಬ ಫೋಟೋಗಳು, ನಡುವೆ ಎಲ್ಲಕ್ಕಿಂತ ದೊಡ್ಡದಾಗಿ ಬಸಪ್ಪ. ಕೆಳಗೆ ಜನ ಮುದ್ದೆ ಮುರಿಯುತ್ತಾ ಕೂತಿದ್ದರು. ನಾನು ಒಳಗೆ ಕಾಲಿಟ್ಟದ್ದೇ ತಡ, ಬಸಪ್ಪ ಎಡಗೈಯಲ್ಲಿ ನನ್ನ ಮುಂಗೈ ಹಿಡಿದು ಎಳೆದುಕೊಂಡು ಹೋಗಿ, ಊಟಕ್ಕೆ ಕೂತಿದ್ದ ಹೊಸಬರಿಗೆಲ್ಲ ತೋರಿಸಿದ.

"ಇವ್ರ ನೋಡ್ರಪಾ, ಫೋಟೋ ತೆಗೆದ ಸರ. ನನ್ನ ಮಿಷಿನ್ ಹೋತು, ಆದ್ರ ಇವ್ರ ಕೈಯಾಗ ಉಳೀತು."

ಒಬ್ಬರಾದ ಮೇಲೆ ಒಬ್ಬರು ಬಂದರು. ಸಾರ್, ನಮ್ಮಪ್ಪ ನೋಡಿ ಅತ್ತುಬಿಟ್ರು. ಸಾರ್, ನನ್ನ ಹೆಂಡ್ತಿ ದೇವರ ಮನೆ ಪಕ್ಕ ಹಾಕಿದಾಳೆ. ಎಲ್ಲರೂ ನನಗೇ ಹೇಳುತ್ತಿದ್ದರು. ಗಿರಿಜಾ ನನ್ನ ಬಲಕ್ಕೆ, ಒಂದು ಹೆಜ್ಜೆ ಹಿಂದೆ ನಿಂತಿದ್ದಳು. ನನಗೆ ಆಗ ಹೊಳೆಯಿತು. ಅವರು ಕೇಳಿದ್ದು ನನ್ನ ಕ್ಯಾಮೆರಾದ ಸದ್ದನ್ನು ಮಾತ್ರ. ಅವಳದು ಸದ್ದೇ ಮಾಡಿರಲಿಲ್ಲವಲ್ಲ. ಅವರ ಪಾಲಿಗೆ ಫೋಟೋ ತೆಗೆದವನು ಟಕ್ ಎನ್ನಿಸಿದವನೇ.

ಎರಡು ವರ್ಷದಿಂದ ನಾನು ಹಸಿದಿದ್ದು ಈ ಮಾತುಗಳಿಗೇ. ಈಗ ಬೊಗಸೆ ತುಂಬ ಸುರಿಯುತ್ತಿದ್ದರು, ಒಂದು ಹನಿಯೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹೊಗಳಿಕೆ ಹೆಚ್ಚಾದಷ್ಟೂ ಆ ಫೋಟೋ ನನ್ನದಲ್ಲ ಎಂಬುದು ಇನ್ನಷ್ಟು ಚುಚ್ಚುತ್ತಿತ್ತು. ಕೊನೆಗೆ ತಡೆಯಲಾಗದೆ, "ಬಸಪ್ಪ, ಇದು ನಾನು ತೆಗೆದಿದ್ದಲ್ಲಪ್ಪ. ಎಲ್ಲಾ ಇವಳೇ ತೆಗೆದಿದ್ದು" ಎಂದೆ.

ಬಸಪ್ಪ ಗಿರಿಜಾಳನ್ನು ನೋಡಿದ, ನನ್ನನ್ನು ನೋಡಿದ. "ದೊಡ್ಡ ಮನಸು ನಿಮ್ದು ಸರ" ಎಂದ. "ಅಕ್ಕಾರು ಸುಮ್ನ ನಿಂತಿದ್ರು. ನಾ ಕಿವಿಯಾರೆ ಕೇಳೀನಲ್ಲ ನಿಮ್ಮ ಕ್ಯಾಮೆರಾದ್ದು."

ಉಳಿದವರೂ ತಲೆಯಾಡಿಸಿದರು. ಹೆಂಡತಿಗೆ ಹೆಸರು ಬರಲಿ ಎನ್ನುವ ಇಂಥ ಗಂಡ ಎಲ್ಲಿ ಸಿಗುತ್ತಾನೆ ಎಂದು ಒಬ್ಬರು ಹೇಳಿದ್ದೂ ಕೇಳಿಸಿತು. ಗಿರಿಜಾ ನಗುತ್ತಲೇ ಇದ್ದಳು.

ಬರುವಾಗ ನೆಲಮಂಗಲದ ಹತ್ತಿರ ಕಾಫಿಗೆ ಸ್ಕೂಟರ್ ನಿಲ್ಲಿಸಿದೆ. ಅವಳು ಲೋಟ ಹಿಡಿದು ರಸ್ತೆಯ ಕಡೆ ತಿರುಗಿದಳು.

"ನನಗೆ ಎಷ್ಟು ಹೊಟ್ಟೆ ಉರೀತು ಗೊತ್ತಾ ರೀ ಇವತ್ತು" ಎಂದಳು.

"ನಾನು ಹೇಳಿದ್ನಲ್ಲ, ನೀನೇ ತೆಗೆದಿದ್ದು ಅಂತ."

"ಹೇಳಿದ್ರಿ. ಅದು ಇನ್ನೂ ಉರೀತು. ಅದಕ್ಕೂ ನಿಮ್ಮನ್ನೇ ಹೊಗಳಿದ್ರು." ಲೋಟ ಕೆಳಗಿಟ್ಟು ಹೇಳಿದಳು, "ಮದುವೆ ಆದಾಗಿಂದ ಉರೀತಾನೇ ಇದೆ. ರಾತ್ರಿ ಹಗಲು ಕೂತು ಬಣ್ಣ ಸರಿಮಾಡಿದ್ದು ನಾನು. ಎಲ್ಲಿಗೆ ಹೋದ್ರೂ ಫೋಟೋ ಸಾರ್, ಫೋಟೋ ಸಾರ್ ಅಂತ ನಿಮಗೇ. ನಿಮಗೇನು, ಈಗ ಎರಡು ವರ್ಷದಿಂದ ಉರೀತಿದೆ."

ಅವಳಿಗೆ ಎಲ್ಲವೂ ತಿಳಿದಿತ್ತು. ಬಚ್ಚಿಟ್ಟುಕೊಂಡಿದ್ದೇನೆ ಎಂದು ನಾನು ಅಂದುಕೊಂಡಿದ್ದೆ ಅಷ್ಟೆ. ನಿಜ ಹೇಳುತ್ತೇನೆ, ನನ್ನನ್ನು ಕಂಡರೆ ಅವಳಿಗೆ ಹೊಟ್ಟೆಕಿಚ್ಚು ಎಂದು ಕೇಳಿ ನನಗೆ ಖುಷಿಯಾಯಿತು. ಇನ್ನೊಂದು ಕಾಫಿ ತರಿಸಿದೆ. ಮನೆಯವರೆಗೂ ಶಿಳ್ಳೆ ಹಾಕಿಕೊಂಡು ಸ್ಕೂಟರ್ ಓಡಿಸಿದೆ.

ಆ ಖುಷಿ ಬಹಳ ದಿನ ಬರಲಿಲ್ಲ. ಜಿಗಣಿಯಿಂದ ಮತ್ತೆ ಕರೆ ಬಂತು. ಹಿಂದಿನ ಸಂಜೆ ಗಿರಿಜಾ ತನ್ನ ಕ್ಯಾಮೆರಾ ಹಿಡಿದು ಅದರ ಪರದೆಯಲ್ಲಿ ಏನೇನೋ ತಿರುವುತ್ತಾ ಕೂತಿದ್ದಳು. ಆಮೇಲೆ ಗೋಡೆಯ ಕಡೆ ಹಿಡಿದು ಒತ್ತಿದಳು. ಟಿಕ್ ಎಂದಿತು. ಅದರಲ್ಲಿ ಸದ್ದು ಮಾಡುವ ಶಟರೂ ಇತ್ತು, ಅವಳು ಅದನ್ನು ಬಳಸುತ್ತಿರಲಿಲ್ಲ ಅಷ್ಟೆ. ಕೂಡಲೇ ಇನ್ನೊಂದು ಸಲ ಒತ್ತಿದಳು.

"ಒಂದು ಅವರು ಉಸಿರು ಬಿಡೋಕೆ, ಒಂದು ನನಗೆ" ಎಂದಳು. "ಇನ್ಮೇಲೆ ಎಲ್ರಿಗೂ ಕೇಳ್ಸುತ್ತೆ."

ಬೆಳಿಗ್ಗೆ ನಾನು ಎಂದಿನಂತೆ ನನ್ನ ದೊಡ್ಡ ಬ್ಯಾಗಿಗೆ ಲೆನ್ಸು ತುಂಬುತ್ತಿದ್ದೆ. "ನೀವ್ಯಾಕ್ರೀ ಅಷ್ಟು ದೂರ? ಅಂಗಡಿ ನೋಡ್ಕೊಳ್ಳಿ, ನಾನು ಬಸ್ಸಲ್ಲಿ ಹೋಗ್ಬರ್ತೀನಿ" ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ನನ್ನ ಮಂಡಿ ನೋವಿನ ಮೇಲಿನ ಕರುಣೆಯೂ ಅದರಲ್ಲಿತ್ತು. ಊಟದ ಡಬ್ಬಿ, ಕೊಡೆ, ಅವುಗಳ ನಡುವೆ ಕ್ಯಾಮೆರಾ ಇಟ್ಟು ಜಿಪ್ ಎಳೆದು ಹೊರಟಳು. ಶಾಲು, ಹಾರ, ಹಣ್ಣಿನ ಬುಟ್ಟಿ ಏನೂ ಇಲ್ಲದೆ ನಾನು ನಿವೃತ್ತನಾದದ್ದು ಹೀಗೆ.

ಹಾಗಾಗಿ ಕೇಳುವ ಹುಡುಗರೇ, ಚಿಕ್ಕದನ್ನೇ ತೆಗೆದುಕೊಳ್ಳಿ. ನನ್ನ ಹೊಟ್ಟೆ ಉರಿದರೂ ಹೇಳುತ್ತಿದ್ದೇನೆ. ದೊಡ್ಡದು ಕೊಡುವುದನ್ನೆಲ್ಲ ಅದೂ ಕೊಡುತ್ತದೆ, ಬೇಕೆಂದಾಗ ಸದ್ದನ್ನೂ ಮಾಡುತ್ತದೆ.

ಅವತ್ತು ಅವಳು ಹೋದ ಮೇಲೆ ಅಂಗಡಿ ತೆಗೆದು, ಕುರ್ಚಿ ಒರೆಸಿ, ನನ್ನ ಡಿಎಸ್‌ಎಲ್‌ಆರನ್ನು ಸ್ಟ್ಯಾಂಡಿಗೆ ಹಾಕಿ ಕೂತೆ. ಸ್ವಲ್ಪ ಹೊತ್ತಿಗೆ ಗಾರ್ಮೆಂಟ್ಸ್ ಹೆಣ್ಣುಮಗಳೊಬ್ಬಳು ಬಂದಳು. ಗಂಡಿನ ಕಡೆಯವರಿಗೆ ಕಳಿಸಲು ಫೋಟೋ ಬೇಕಂತೆ. ಒಳಗೆ ಇಣುಕಿ ನೋಡಿ, "ಅಕ್ಕ ಇಲ್ವಾ ಸಾರ್?" ಎಂದಳು.

"ನಾನಿದ್ದೀನಲ್ಲಮ್ಮ, ಬಾ, ಕೂತ್ಕೊ" ಎಂದೆ.

ಅವಳು ಸ್ಟ್ಯಾಂಡಿನ ಮೇಲಿನ ಕ್ಯಾಮೆರಾ ನೋಡಿದಳು, ನನ್ನನ್ನು ನೋಡಿದಳು. "ಬೇಡ ಬಿಡಿ ಸಾರ್, ಸಂಜೆ ಬರ್ತೀನಿ" ಎಂದು ಹೋದಳು.

ನಾನು ಗಿರಿಜಾಗೆ ಫೋನ್ ಮಾಡಿ, ಸಂಜೆ ಒಬ್ಬಳು ಹುಡುಗಿ ಬರುತ್ತಾಳಂತೆ, ಬೇಗ ಬಾ ಎಂದೆ.